3 ಸರಿ ಬರತೈತಿ, 1 ಬರಂಗಿಲ್ಲ: ಕಬ್ಬಿನ ಕಾಟಾಕ್ಕೆ ಹೊರಗೊಂದು ಡಿಸ್‌ಪ್ಲೇ ಕೂಡಿಸಿದ ಪ್ರಕರಣ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ-ಜಮಖಂಡಿ ದಾರಿಯಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳದ್ದೇ ರಾಜ್ಯ. ಫ್ಯಾಕ್ಟರಿ ಗೇಟಿಗೆ ಹೋಗುವ ಮೊದಲು ಹೊರಗಿನ ಖಾಸಗಿ ಕಾಟಾದ ಮೇಲೆ ಒಮ್ಮೆ ಗಾಡಿ ಹತ್ತಿಸಿ ತೂಕ ನೋಡಿಕೊಳ್ಳುವ ರೈತರು ಈ ಕಡೆ ಬಹಳ. ಅಂಥ ಒಂದು ಕಾಟಾದಲ್ಲಿ ನಡೆದ ಕೆಲಸ ಇದು. ತೂಕ ತೋರಿಸುವ ಇಂಡಿಕೇಟರ್ ಕ್ಯಾಬಿನ್ ಒಳಗೆ, ಮಾಲಕರ ಟೇಬಲ್ ಮೇಲಿತ್ತು. ಟ್ರ್ಯಾಕ್ಟರ್ ಮೇಲೆ ಕುಳಿತವನಿಗೆ ಕಾಣುವುದು ಕಿಟಕಿಯ ಗಾಜು ಮಾತ್ರ, ಕೈಗೆ ಸಿಗುವುದು ಒಂದು ಚೀಟಿ. "ಒಳಗ ಏನ್ ಬರ್ಕೋತಾರೋ ಯಾರಿಗ್ ಗೊತ್ರಿ" ಅನ್ನುವ ಮಾತು ಮಾಲಕರ ಕಿವಿಗೂ ಬಿದ್ದಿತ್ತು. ಇಳಿದು ಬಂದು ನೋಡಿ ಅಂದರೆ ಹಿಂದೆ ನಿಂತ ಗಾಡಿಗಳು ಹಾರ್ನ್ ಹೊಡೆಯುತ್ತವೆ. ಹೊರಗಿನ ಕಂಬಕ್ಕೆ ದೊಡ್ಡ ಅಂಕಿಯ ಫಲಕ ಹಾಕಿ, ಒಳಗಿನ ತೂಕ ಅಲ್ಲಿಯೂ ಕಾಣುವ ಹಾಗೆ ಮಾಡಬೇಕು ಎಂದು ಅವರು ತಮ್ಮ ಅಣ್ಣನ ಮಗನಿಗೆ ಹೇಳಿದರು. ಅವನು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದವನು. ಅವನೂ ಅವನ ಗೆಳೆಯನೂ ಇದನ್ನೇ ಪ್ರಾಜೆಕ್ಟ್ ಮಾಡಿಕೊಂಡರು.

ಬಾಗಲಕೋಟೆಯ ನವನಗರದಲ್ಲಿ ನಾನು ಮಷಿನ್ ಬೋರ್ಡ್‌ಗಳ ರಿಪೇರಿ ಮಾಡುತ್ತೇನೆ. ಹುಡುಗರು ನನ್ನ ಹತ್ತಿರ ಬರುವ ಹೊತ್ತಿಗೆ ಒಂದು ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ಹಾಕಿ ನಡೆಸುವ ಸಣ್ಣ ಬೋರ್ಡ್) ಸುಟ್ಟಿತ್ತು, ಇನ್ನೊಂದು "ಹುಚ್ಚುಚ್ಚರ" ಅಂಕಿ ತೋರಿಸುತ್ತಿತ್ತು.

"ಟೇಬಲ್ ಮ್ಯಾಲ ಛಲೋ ನಡೀತಿತ್ರಿ ಸರ್. ಕಾಟಾಕ್ಕ ಹಚ್ಚಿದ್ ಕೂಡ್ಲೆ ಕೆಡ್ತೈತ್ರಿ" ಅಂದ ಒಬ್ಬ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತೂಕದ ಯಂತ್ರ ಮಾರುವವರೇ ಇಂಥ ಹೊರ ಫಲಕವನ್ನೂ ಮಾರುತ್ತಾರೆ. ಬರೀ ಫಲಕ ಬೇಕಾದವರು ಅದನ್ನು ಕೊಂಡು ಹಾಕಿಸುವುದೇ ಸಲೀಸು. ಇಲ್ಲಿ ಮಾಲಕರಿಗೆ ಫಲಕ ಬೇಕಿತ್ತು, ಹುಡುಗರಿಗೆ ಕಲಿಕೆ ಬೇಕಿತ್ತು.

ಏನೇನು ಕೂಡಿಸಿದ್ದರು

ಇಂಡಿಕೇಟರ್‌ನ ಹಿಂದೆ 9 ಪಿನ್ನಿನ ಆರ್‌ಎಸ್-232 ಪೋರ್ಟ್ ಇತ್ತು, ಅಂಕಿಗಳನ್ನು ಬಿಟ್‌ಗಳಾಗಿ (0 ಮತ್ತು 1ಗಳಾಗಿ) ಒಂದರ ಹಿಂದೆ ಒಂದು ಕಳಿಸುವ ಹಳೆಯ ಪದ್ಧತಿ ಅದು. ಅಲ್ಲಿಂದ ಚೀಟಿ ಮುದ್ರಿಸುವ ಕಂಪ್ಯೂಟರ್‌ಗೆ ಒಂದು ಕೇಬಲ್ ಹೋಗಿತ್ತು. ಅದೇ ಸಾಲಿನಿಂದ ಒಂದು ಕವಲು ತೆಗೆದು ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್3232 ಮಾಡ್ಯೂಲ್‌ಗೆ, ಅಲ್ಲಿಂದ ನ್ಯಾನೊಗೆ, ನ್ಯಾನೊದಿಂದ ಕೆಂಪು ಪಿ10 ಪ್ಯಾನಲ್‌ಗೆ ಎಂಬುದು ಹುಡುಗರ ಯೋಜನೆ. ಪಿ10 ಅಂದರೆ ನಮ್ಮೂರ ಗುಡಿಗಳ ಮುಂದೆ, ಮೆಡಿಕಲ್ ಅಂಗಡಿಗಳ ಮೇಲೆ ಕೆಂಪು ಅಕ್ಷರ ಓಡಿಸುವ ಅದೇ ಪ್ಯಾನಲ್. ದೀಪದಿಂದ ದೀಪಕ್ಕೆ 10 ಮಿಲಿಮೀಟರ್ ಅಂತರ, ಅಡ್ಡ 32 ದೀಪ, ಉದ್ದ 16 ದೀಪ. ಅಳತೆ 320ಕ್ಕೆ 160 ಮಿಲಿಮೀಟರ್. ಆರು ಅಂಕಿಗಳನ್ನು ಪೂರ್ತಿ ಎತ್ತರದಲ್ಲಿ ತೋರಿಸಲು ಎರಡು ಪ್ಯಾನಲ್ ಪಕ್ಕಪಕ್ಕ ಇಟ್ಟಿದ್ದರು.

ಈ ಆಯ್ಕೆ ಸರಿಯಾಗಿಯೇ ಇತ್ತು. ಬಹಳ ಜನ ಇಂಥ ಕೆಲಸಕ್ಕೆ ಮ್ಯಾಕ್ಸ್7219 ಚಿಪ್ ಇರುವ ಎಂಟು ಅಂಕಿಯ ಸಣ್ಣ ಮಾಡ್ಯೂಲ್ ತರುತ್ತಾರೆ. ಮೂರು ತಂತಿಯಲ್ಲಿ ಕೆಲಸ ಮುಗಿಯುತ್ತದೆ, ಆದರೆ ಆ ಅಂಕಿ ಕೈಯಳತೆಯಲ್ಲಿ ಮಾತ್ರ ಓದಲು ಬರುತ್ತದೆ. ನಾಲ್ಕಿಂಚಿನ ದೊಡ್ಡ ಅಂಕಿಗಳನ್ನು ಅದೇ ಚಿಪ್‌ಗೆ ಹಚ್ಚೋಣ ಅಂದರೆ, ಅವುಗಳ ಒಂದೊಂದು ಗೆರೆಯಲ್ಲಿ ಹಲವು ಎಲ್‌ಇಡಿ ಸಾಲಾಗಿರುತ್ತವೆ. 5 ವೋಲ್ಟ್ ಅವಕ್ಕೆ ಸಾಲದು.

ಟೇಬಲ್ ಮೇಲೆ ಪರೀಕ್ಷೆ ಮಾಡುವಾಗ ಕಾಟಾದ ಜಾಗದಲ್ಲಿ ಇನ್ನೊಂದು ಆರ್ಡುಯಿನೊ ಇಟ್ಟು ಅದರಿಂದ ಸುಳ್ಳು ತೂಕ ಕಳಿಸಿದ್ದರು. ಎಲ್ಲ ಸರಿ ಬಂದಿತ್ತು. ಬರಲೇಬೇಕು. ಕಳಿಸುವ ಪ್ರೋಗ್ರಾಂ ಬರೆದವರೂ ಅವರೇ, ಓದುವ ಪ್ರೋಗ್ರಾಂ ಬರೆದವರೂ ಅವರೇ.

ಸುಟ್ಟ ನ್ಯಾನೊ

ಇದರ ಕಥೆ ಚಿಕ್ಕದು. ಮಾಡ್ಯೂಲ್ ಬರುವುದು ತಡವಾಗಿದ್ದಕ್ಕೆ ಒಬ್ಬ ಇಂಡಿಕೇಟರ್‌ನ ತಂತಿಯನ್ನು ನೇರವಾಗಿ ನ್ಯಾನೊದ ಪಿನ್ನಿಗೆ ಕೊಟ್ಟಿದ್ದ. ಆರ್‌ಎಸ್-232 ಸಾಲಿನಲ್ಲಿ 1 ಅಂದರೆ ಋಣ ವೋಲ್ಟೇಜ್, 0 ಅಂದರೆ ಧನ ವೋಲ್ಟೇಜ್. ಪಡೆಯುವ ತುದಿಯಲ್ಲಿ −3ರಿಂದ −15ರವರೆಗೆ 1, +3ರಿಂದ +15ರವರೆಗೆ 0 ಎಂದು ಲೆಕ್ಕ. ನ್ಯಾನೊದಲ್ಲಿರುವ ಎಟಿಮೆಗಾ328ಪಿ ಚಿಪ್‌ನ ಪಿನ್ ತಡೆಯುವುದು −0.5 ವೋಲ್ಟ್‌ನಿಂದ ತನ್ನ ಸಪ್ಲೈಗಿಂತ ಅರ್ಧ ವೋಲ್ಟ್ ಮೇಲಿನವರೆಗೆ ಮಾತ್ರ. ಚಿಪ್ ಉಳಿದಿದ್ದರೂ ಉಪಯೋಗ ಇರಲಿಲ್ಲ, ಯಾಕೆಂದರೆ 1 ಮತ್ತು 0 ಎರಡೂ ತಲೆಕೆಳಗಾಗಿ ಬರುತ್ತವೆ. ಮ್ಯಾಕ್ಸ್3232 ಮಾಡುವ ಕೆಲಸ ಎರಡು: ವೋಲ್ಟೇಜ್ ಇಳಿಸುವುದು, ತಿರುವಿ ಕೊಡುವುದು. 3ರಿಂದ 5.5 ವೋಲ್ಟ್‌ವರೆಗಿನ ಯಾವ ಸಪ್ಲೈ ಕೊಟ್ಟರೂ ಅದು ನಡೆಯುತ್ತದೆ.

ಮಾಡ್ಯೂಲ್ ಬಂದ ಮೇಲೆ ಇನ್ನೊಂದು ತೊಡಕು: ಏನೂ ಬರಲಿಲ್ಲ. ಕಂಪ್ಯೂಟರ್ ಕಡೆಯ 9 ಪಿನ್ ಕನೆಕ್ಟರ್‌ನಲ್ಲಿ 2 ಪಡೆಯುವ ಪಿನ್, 3 ಕಳಿಸುವ ಪಿನ್, 5 ಗ್ರೌಂಡ್. ಯಂತ್ರದ ಕಡೆ 2 ಮತ್ತು 3 ಅದಲುಬದಲಾಗಿರಬಹುದು, ಆಗಿರದೆಯೂ ಇರಬಹುದು. ಮಾಡ್ಯೂಲ್ ಮೇಲೆ ಅಚ್ಚು ಹಾಕಿದ ಟಿಎಕ್ಸ್ (ಕಳಿಸುವ), ಆರ್‌ಎಕ್ಸ್ (ಪಡೆಯುವ) ಹೆಸರುಗಳನ್ನು ನಾನು ನಂಬುವುದೇ ಇಲ್ಲ. ಒಬ್ಬ ತಯಾರಕ ಅದನ್ನು "ಇದು ನನ್ನ ಕಳಿಸುವ ಪಿನ್" ಎಂದು ಬರೆದಿರುತ್ತಾನೆ, ಇನ್ನೊಬ್ಬ "ನಿನ್ನ ಕಳಿಸುವ ಪಿನ್ನನ್ನು ಇಲ್ಲಿ ಹಚ್ಚು" ಎಂದು ಬರೆದಿರುತ್ತಾನೆ. ನಂಬಬೇಕಾದದ್ದು ಮಲ್ಟಿಮೀಟರ್. ಕಪ್ಪು ತಂತಿ 5ಕ್ಕೆ, ಕೆಂಪು ತಂತಿ 2ಕ್ಕೆ, ಆಮೇಲೆ 3ಕ್ಕೆ. ಎಲ್ಲಿ ಗಟ್ಟಿಯಾದ ಋಣ ವೋಲ್ಟೇಜ್ ಕಾಣುತ್ತದೋ ಅಲ್ಲಿ ಮಾತಾಡುವವನು ಇದ್ದಾನೆ. ಇಲ್ಲಿ ಇಂಡಿಕೇಟರ್ ನಿರಂತರವಾಗಿ ತೂಕ ಕಳಿಸುತ್ತಿದ್ದುದರಿಂದ ಮೀಟರ್‌ನ ಅಂಕಿ ಒಂದೇ ಕಡೆ ನಿಲ್ಲದೆ ಋಣದ ಬದಿಯಲ್ಲೇ ಅಲ್ಲಾಡುತ್ತಿತ್ತು. ಅದೂ ಒಂದು ಒಳ್ಳೆಯ ಗುರುತೇ, ಸಾಲು ಜೀವಂತ ಇದೆ ಎಂದರ್ಥ.

ಕವಲು ತೆಗೆಯುವಾಗ ಎರಡೇ ತಂತಿ ತೆಗೆದೆವು: ಇಂಡಿಕೇಟರ್ ಕಳಿಸುವ ಸಾಲು ಮತ್ತು ಗ್ರೌಂಡ್. ನಮ್ಮ ಕಡೆಯಿಂದ ಕಳಿಸುವ ತಂತಿಯನ್ನು ಕೂಡಿಸಲೇ ಇಲ್ಲ. ಒಬ್ಬ ಕಳಿಸಿದ್ದನ್ನು ಇಬ್ಬರು ಕೇಳಬಹುದು. ಒಂದೊಂದು ರಿಸೀವರ್ ಸುಮಾರು 5 ಕಿಲೋ ಓಮ್ ಭಾರ ಹಾಕುತ್ತದೆ, ಎರಡು ಸೇರಿದರೆ ಎರಡೂವರೆ. ನಿಯಮದ ಪುಸ್ತಕದ ಪ್ರಕಾರ ಕನಿಷ್ಠ 3 ಕಿಲೋ ಓಮ್ ಇರಬೇಕು, ಆದರೆ ಈ ನಿಧಾನದ ವೇಗದಲ್ಲಿ ಅಷ್ಟು ಕೊರತೆಯಿಂದ ತೊಂದರೆಯಾಗಲಿಲ್ಲ. ಕಂಪ್ಯೂಟರ್‌ನಲ್ಲಿ ಚೀಟಿ ಮೊದಲಿನಂತೆಯೇ ಬರುತ್ತಿದೆಯೇ ಎಂದು ಖಾತ್ರಿ ಮಾಡಿಕೊಂಡೇ ಮುಂದೆ ಹೋದೆವು. ಮಾಲಕರ ವ್ಯಾಪಾರ ಆ ಚೀಟಿಯ ಮೇಲೆ ನಿಂತಿದೆ.

ಹದಿಮೂರೂವರೆ ಟನ್ ಮೂರೂವರೆ ಟನ್ ಆದದ್ದು

ಈಗ ಪ್ರಕರಣದ ತಿರುಳು. ಸಾಲು ಸರಿಯಾಯಿತು, ಫಲಕ ಬೆಳಗಿತು. ಖಾಲಿ ಕಾಟಾದ ಮೇಲೆ 000000 ಚೊಕ್ಕವಾಗಿ ಬಂತು. ಹುಡುಗರು ಕುಣಿದಾಡಿದರು. ಮೊದಲ ಟ್ರ್ಯಾಕ್ಟರ್ ಹತ್ತಿತು. ಒಳಗೆ 13560, ಹೊರಗೆ 03560. ಚಾಲಕ ಒಮ್ಮೆ ಫಲಕ ನೋಡಿದ, ಒಮ್ಮೆ ಹಿಂದಿನ ಟ್ರೇಲರ್ ನೋಡಿದ. "ಏನ್ರೀ ಸಾಹುಕಾರ್ರ, ಕಬ್ಬು ತಂದೇನ್ರಿ, ಹೊಟ್ಟು ತಂದಿಲ್ಲ!"

ಹುಡುಗರ ವಾದ: ತಂತಿ ಲೂಸ್ ಆಗಿದೆ, ಒಂದು ಅಂಕಿ ಬಿದ್ದುಹೋಗುತ್ತಿದೆ. ಬೆಸುಗೆ ಬಿಚ್ಚಿ ಮತ್ತೆ ಹಾಕಿದರು, ಕೇಬಲ್ ಬದಲಿಸಿದರು, ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎನ್ನುವ ವೇಗ) ಏರಿಸಿ ಇಳಿಸಿ ನೋಡಿದರು. ಬಾಡ್ ರೇಟ್ ಮುಟ್ಟಿದಾಗ ಎಲ್ಲವೂ ಕೆಟ್ಟು, 2400ಕ್ಕೆ ತಂದಾಗ ಮತ್ತೆ ಅರ್ಧ ಸರಿಯಾಗುತ್ತಿತ್ತು.

ಇಲ್ಲಿ ನಿಂತು ಯೋಚಿಸಬೇಕು. ಲೂಸ್ ತಂತಿ ಅಂಕಿ ನೋಡಿ ಕೆಡಿಸುವುದಿಲ್ಲ. ಅದು 3ನ್ನೂ ಕೆಡಿಸುತ್ತದೆ, 1ನ್ನೂ ಕೆಡಿಸುತ್ತದೆ, ಒಮ್ಮೆ ಕೆಡಿಸಿ ಒಮ್ಮೆ ಬಿಡುತ್ತದೆ. ಬಾಡ್ ರೇಟ್ ತಪ್ಪಿದ್ದರೆ 0 ಕೂಡ ಸರಿ ಬರುತ್ತಿರಲಿಲ್ಲ. ಆದ್ದರಿಂದ ಬೆಸುಗೆ ಬಿಟ್ಟು ಒಂದು ಹಾಳೆ ತೆಗೆದುಕೊಂಡು ಕೂಡಲು ಹೇಳಿದೆ. ಗಾಡಿ ಹತ್ತಿದಾಗಲೆಲ್ಲ ಒಳಗಿನ ಅಂಕಿ ಎಡಕ್ಕೆ, ಹೊರಗಿನದು ಬಲಕ್ಕೆ.

009630 — 009630
018240 — 00
006050 — 006050
021470 — 00
013560 — 03560

ಹಾಳೆ ಅರ್ಧ ತುಂಬುವ ಮೊದಲೇ ಮಾಲಕರ ಅಣ್ಣನ ಮಗ ತಲೆ ಎತ್ತಿದ. "ಸರ್, 3 ಸರಿ ಬರತೈತ್ರಿ, 1 ಬರಂಗಿಲ್ಲ. ಯಾವಾಗ್ಲೂ."

0, 3, 5, 6, 9 ಯಾವಾಗಲೂ ಸರಿ. 1, 2, 4, 7, 8 ಯಾವಾಗಲೂ ಮಾಯ. ಇಷ್ಟು ಕಟ್ಟುನಿಟ್ಟಾಗಿ ನಡೆದುಕೊಳ್ಳುವ ದೋಷ ತಂತಿಯದ್ದಾಗಿರಲು ಸಾಧ್ಯವಿಲ್ಲ, ಇದು ಲೆಕ್ಕದ್ದು.

ಬಂದ ಬೈಟ್‌ಗಳನ್ನು (8 ಬಿಟ್‌ನ ಒಂದೊಂದು ಗುಂಪನ್ನು) ಅಕ್ಷರವಾಗಿ ಅಲ್ಲದೆ ಸಂಖ್ಯೆಯಾಗಿ ಲ್ಯಾಪ್‌ಟಾಪ್ ಮೇಲೆ ಮುದ್ರಿಸಿ ನೋಡಿದೆವು. 13560 ಕಿಲೋಗೆ ಬಂದ ಸಾಲು ಇದು:

130, 160, 48, 177, 51, 53, 54, 48, 3

ಅಕ್ಷರಕ್ಕೊಂದು ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 0 ಎಂಬ ಅಕ್ಷರದ ಸಂಖ್ಯೆ 48, 1ರದ್ದು 49, ಹೀಗೆ 9ರದ್ದು 57. ಸಾಲಿನಲ್ಲಿ 48, 51, 53, 54 ಸರಿಯಾಗಿವೆ. 49 ಇರಬೇಕಾದ ಜಾಗದಲ್ಲಿ 177 ಇದೆ. ಎರಡರ ವ್ಯತ್ಯಾಸ 128. ಮೊದಲಿನ 130ರಿಂದ 128 ಕಳೆದರೆ 2, ಅದು ಸಂದೇಶ ಶುರುವಾಯಿತು ಎನ್ನುವ ಗುರುತು. 160ರಿಂದ 128 ಕಳೆದರೆ 32, ಅದು ಖಾಲಿ ಜಾಗ. ಕೊನೆಯ 3 ಸಂದೇಶ ಮುಗಿಯಿತು ಎನ್ನುವ ಗುರುತು, ಅದು ಸರಿಯಾಗಿಯೇ ಬಂದಿತ್ತು. ಹುಡುಗರ ಪ್ರೋಗ್ರಾಂ ಆ 3 ಬಂದ ಕೂಡಲೆ ಹಿಂದಿನ ಆರು ಅಕ್ಷರ ಎತ್ತಿಕೊಳ್ಳುತ್ತಿದ್ದುದರಿಂದಲೇ ಇಷ್ಟಾದರೂ ಕಾಣುತ್ತಿತ್ತು. ಶುರುವಿನ 2ಕ್ಕಾಗಿ ಕಾದಿದ್ದರೆ ಫಲಕ ಪೂರ್ತಿ ಕಪ್ಪಾಗಿರುತ್ತಿತ್ತು. ಫಾಂಟಿನಲ್ಲಿ ಇಲ್ಲದ 177ನ್ನು ಪಿ10ರ ಲೈಬ್ರರಿ (ಸಿದ್ಧ ಪ್ರೋಗ್ರಾಂ) ಸದ್ದಿಲ್ಲದೆ ಬಿಟ್ಟು ಮುಂದಿನ ಅಂಕಿಯನ್ನು ಹಿಂದಕ್ಕೆ ಎಳೆದು ಬರೆಯುತ್ತದೆ. ಹದಿಮೂರೂವರೆ ಟನ್ ಹೀಗೆ ಮೂರೂವರೆ ಆಯಿತು.

128 ಅಂದರೆ ಎಂಟನೆಯ ಬಿಟ್. ಯಾರು ಅದನ್ನು ಸೇರಿಸುತ್ತಿದ್ದಾರೆ? 48ನ್ನು ಎರಡರ ಲೆಕ್ಕದಲ್ಲಿ ಬರೆದರೆ 0110000, ಅದರಲ್ಲಿ 1ಗಳು ಎರಡು. 51 ಅಂದರೆ 0110011, 1ಗಳು ನಾಲ್ಕು. 49 ಅಂದರೆ 0110001, 1ಗಳು ಮೂರು. ಸಮ ಸಂಖ್ಯೆಯ 1ಗಳಿರುವ ಅಕ್ಷರಗಳು ಸರಿ ಬರುತ್ತಿವೆ, ಬೆಸ ಇರುವವಕ್ಕೆ ಎಂಟನೆಯ ಒಂದು 1 ಸೇರಿ ಒಟ್ಟು ಸಮವಾಗುತ್ತಿದೆ. ಇದಕ್ಕೇ ಈವನ್ ಪ್ಯಾರಿಟಿ ಎನ್ನುವುದು. ಇಂಡಿಕೇಟರ್ ಕಳಿಸುತ್ತಿದ್ದುದು 7 ಬಿಟ್ ಅಕ್ಷರ, ಅದರ ಮೇಲೆ 1 ಪ್ಯಾರಿಟಿ ಬಿಟ್. ನ್ಯಾನೊ ಓದುತ್ತಿದ್ದುದು 8 ಬಿಟ್ ಅಕ್ಷರ, ಪ್ಯಾರಿಟಿ ಇಲ್ಲ. ಶುರುವಿನ ಬಿಟ್ ಮತ್ತು ಕೊನೆಯ ಬಿಟ್ ಸೇರಿಸಿದರೆ ಎರಡೂ ಲೆಕ್ಕದಲ್ಲಿ ಒಟ್ಟು 10 ಬಿಟ್‌ಗಳೇ. ಅದಕ್ಕೇ ಹೊಂದಿಕೆ ಎಲ್ಲಿಯೂ ತಪ್ಪಲಿಲ್ಲ, ಯಾವ ದೋಷದ ಸೂಚನೆಯೂ ಬರಲಿಲ್ಲ.

ಚೀಟಿಯ ಕಂಪ್ಯೂಟರ್‌ನಲ್ಲಿ ಪೋರ್ಟ್ ಸೆಟ್ಟಿಂಗ್ ತೆಗೆದು ನೋಡಿದರೆ ಅಲ್ಲಿ ಮೊದಲಿನಿಂದಲೂ ಬರೆದೇ ಇತ್ತು: 2400, 7, ಈವನ್, 1 (ವೇಗ, ಅಕ್ಷರದ ಬಿಟ್, ಪ್ಯಾರಿಟಿ, ಕೊನೆಯ ಬಿಟ್). ಹುಡುಗರು ಅದರಲ್ಲಿ 2400 ಒಂದನ್ನೇ ಬರೆದುಕೊಂಡು ಬಂದಿದ್ದರು. ಕಾಲೇಜಿನ ಲ್ಯಾಬ್‌ನಲ್ಲಿ ಕಲಿಸುವುದು ಯಾವಾಗಲೂ 9600 ಮತ್ತು 8 ಬಿಟ್. ಉಳಿದ ಮೂರು ಅಂಕಣ ಬದಲಾಗಬಹುದು ಎನ್ನುವುದು ಅವರ ತಲೆಗೆ ಬರುವ ಸಂದರ್ಭವೇ ಬಂದಿರಲಿಲ್ಲ. ಹಳೆಯ ಕಾಟಾ, ಹಳೆಯ ಮೀಟರ್, ಹಳೆಯ ಮಷಿನ್‌ಗಳ ಹತ್ತಿರ ಹೋಗುವವರು ಈ ನಾಲ್ಕನ್ನೂ ಬರೆದುಕೊಳ್ಳದೆ ಕೇಬಲ್ ಮುಟ್ಟಬಾರದು.

128 ಕಳೆದರೆ ಸಾಕಲ್ಲವೇ?

ಗೆಳೆಯ ಚುರುಕು. ಅಲ್ಲಿಯೇ ಲ್ಯಾಪ್‌ಟಾಪ್ ತೆಗೆದು ಬಂದ ಪ್ರತಿ ಬೈಟ್‌ನ ಎಂಟನೆಯ ಬಿಟ್ ಅಳಿಸುವ ಒಂದು ಸಾಲು ಸೇರಿಸಿದ. ಫಲಕದ ಮೇಲೆ ಸರಿಯಾದ ತೂಕ ಬಂತು. "ಮುಗೀತಲ್ರಿ ಸರ್?"

ನನ್ನ ಮಟ್ಟಿಗೆ ಮುಗಿದಿರಲಿಲ್ಲ. ಆ ಎಂಟನೆಯ ಬಿಟ್ ಕಸ ಅಲ್ಲ, ಅದು ಕಾವಲುಗಾರ. 2ರ ಸಂಖ್ಯೆ 50, 3ರದ್ದು 51. ಎರಡರ ನಡುವೆ ಒಂದೇ ಬಿಟ್ ವ್ಯತ್ಯಾಸ. ದಾರಿಯಲ್ಲಿ ಎಲ್ಲೋ ಒಂದು ಮೋಟರ್ ಚಾಲೂ ಆಗಿ ಒಂದು ಬಿಟ್ ತಿರುಗಿದರೆ 12 ಟನ್ 13 ಟನ್ ಆಗುತ್ತದೆ. ಪ್ಯಾರಿಟಿ ನೋಡುವವನಿಗೆ ಅದು ಕೂಡಲೆ ಗೊತ್ತಾಗುತ್ತದೆ, ಅಳಿಸಿದವನಿಗೆ ಗೊತ್ತಾಗುವುದೇ ಇಲ್ಲ. ಕೋಣೆಯ ಉಷ್ಣತೆ ತೋರಿಸುವ ಫಲಕವಾಗಿದ್ದರೆ ನಾನೂ ಅಳಿಸಿ ಮನೆಗೆ ಹೋಗುತ್ತಿದ್ದೆ. ಇದು ಕಬ್ಬಿನ ತೂಕ. ಹೊರಗೆ ಒಂದು ಕ್ಷಣ 13 ಕಂಡು ಚೀಟಿಯಲ್ಲಿ 12 ಬಂದರೆ, ಆ ಒಂದು ಟನ್ ಬಗ್ಗೆ ಊರೆಲ್ಲ ಮಾತಾಗುತ್ತದೆ. ಮಾಲಕರು ನಂಬಿಕೆ ಗಳಿಸಲು ಹಾಕಿಸಿದ ಫಲಕವೇ ನಂಬಿಕೆ ಕೆಡಿಸುತ್ತದೆ.

ಹಾಗಾದರೆ ಪ್ಯಾರಿಟಿ ಸಮೇತ ಓದಬೇಕು. ಇಲ್ಲಿ ಇನ್ನೊಂದು ಗೋಡೆ. ಹುಡುಗರು ಬಳಸುತ್ತಿದ್ದುದು ಬಿಟ್ ಓದುವ ಕೆಲಸವನ್ನು ಪ್ರೋಗ್ರಾಂನಿಂದಲೇ ಮಾಡಿಸುವ ಸಾಫ್ಟ್‌ವೇರ್ ಸೀರಿಯಲ್ ಲೈಬ್ರರಿ. ಅದಕ್ಕೆ ಗೊತ್ತಿರುವುದು 8 ಬಿಟ್, ಪ್ಯಾರಿಟಿ ಇಲ್ಲದ್ದು, ಅದೊಂದೇ. ಆ ಕೆಲಸವನ್ನು ಚಿಪ್ಪೇ ಮಾಡುವ ಹಾರ್ಡ್‌ವೇರ್ ಸೀರಿಯಲ್ ನ್ಯಾನೊದಲ್ಲಿ ಒಂದೇ ಒಂದು ಇದೆ, ಪಿನ್ 0 ಮತ್ತು 1ರಲ್ಲಿ, ಅದು ಯುಎಸ್‌ಬಿಗೆ ಹಂಚಿಕೆಯಾಗಿದೆ. ಯುಎಸ್‌ಬಿಯನ್ನು ಕಾಪಾಡಿಕೊಳ್ಳಲೆಂದೇ ಅವರು ಸಾಫ್ಟ್‌ವೇರ್ ದಾರಿ ಹಿಡಿದಿದ್ದರು.

ಆ ದಾರಿ ಬಿಡಬೇಕಾದ ಎರಡನೆಯ ಕಾರಣವೂ ಕಣ್ಣೆದುರಿಗೇ ಇತ್ತು. ಫಲಕ ಮಿಣುಕುತ್ತಿತ್ತು. ಬೆಳಕು ಸಾಲುಸಾಲಾಗಿ ಹೆಚ್ಚುಕಡಿಮೆಯಾಗಿ, ನೋಡಿದವರ ಕಣ್ಣು ನೋಯುತ್ತಿತ್ತು. ಹುಡುಗರು ಅದನ್ನು ಪ್ಯಾನಲ್‌ನ ದೋಷ ಎಂದು ಬಗೆದು ವಾಪಸ್ ಕಳಿಸುವ ವಿಚಾರದಲ್ಲಿದ್ದರು. ಪಿ10 ಪ್ಯಾನಲ್ ತನ್ನ ಎಲ್ಲ ದೀಪಗಳನ್ನು ಒಟ್ಟಿಗೆ ಹೊತ್ತಿಸುವುದಿಲ್ಲ. ಹದಿನಾರು ಸಾಲುಗಳನ್ನು ನಾಲ್ಕು ಪಾಳಿ ಮಾಡಿ, ಒಂದೊಂದು ಪಾಳಿಯನ್ನು ಸರದಿಯಂತೆ ಹೊತ್ತಿಸುತ್ತದೆ. ಸರದಿ ಬದಲಿಸುವುದು ನ್ಯಾನೊದ ಟೈಮರ್ ಇಂಟರಪ್ಟ್, ಅಂದರೆ ಗೊತ್ತಾದ ಹೊತ್ತಿಗೊಮ್ಮೆ ನಡೆಯುತ್ತಿರುವ ಕೆಲಸ ನಿಲ್ಲಿಸಿ ಬರುವ ಕರೆ. 5 ಮಿಲಿಸೆಕೆಂಡಿಗೊಮ್ಮೆ ಬದಲಿಸಿದರೆ ನಾಲ್ಕು ಪಾಳಿ 20 ಮಿಲಿಸೆಕೆಂಡಿನಲ್ಲಿ ಮುಗಿದು ಕಣ್ಣಿಗೆ ಸ್ಥಿರ ಚಿತ್ರ ಕಾಣುತ್ತದೆ. ಸಾಫ್ಟ್‌ವೇರ್ ಸೀರಿಯಲ್ ಒಂದು ಬೈಟ್ ಓದುವಷ್ಟು ಹೊತ್ತು ಬೇರೆ ಯಾವ ಇಂಟರಪ್ಟ್‌ಗೂ ಅವಕಾಶ ಕೊಡುವುದಿಲ್ಲ. 2400 ಬಾಡ್‌ನಲ್ಲಿ 10 ಬಿಟ್ ಬರಲು 4 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟು ಹೊತ್ತು ಪಾಳಿ ಬದಲಾಗದೆ ನಿಲ್ಲುತ್ತದೆ, ಒಂದು ಪಾಳಿ ಹೆಚ್ಚು ಬೆಳಗುತ್ತದೆ, ಮುಂದಿನದು ಕಡಿಮೆ. ನಿಧಾನದ ಬಾಡ್ ರೇಟ್ ಸುರಕ್ಷಿತ ಎಂದು ನಾವು ತಿಳಿದಿರುತ್ತೇವೆ, ಇಲ್ಲಿ ಅದೇ ಕಾಟ ಕೊಡುತ್ತದೆ. 9600ರಲ್ಲಿ ಒಂದು ಬೈಟ್‌ಗೆ ಬೇಕಾದದ್ದು 1 ಮಿಲಿಸೆಕೆಂಡ್ ಮಾತ್ರ, ಅದಕ್ಕೇ ಟೇಬಲ್ ಮೇಲೆ ಮಿಣುಕು ಅಷ್ಟಾಗಿ ಕಂಡಿರಲಿಲ್ಲ.

ಮ್ಯಾಕ್ಸ್3232ರ ತಂತಿಯನ್ನು ಪಿನ್ 0ಕ್ಕೆ ತಂದೆವು, ನಡುವೆ ಒಂದು ಜಂಪರ್ ಇಟ್ಟು. ಪ್ರೋಗ್ರಾಂ ಹಾಕುವಾಗ ಜಂಪರ್ ತೆಗೆಯಬೇಕು. ತೆಗೆಯದಿದ್ದರೆ ಮಾಡ್ಯೂಲ್ ಮತ್ತು ಯುಎಸ್‌ಬಿ ಚಿಪ್ ಎರಡೂ ಒಂದೇ ಪಿನ್ನನ್ನು ಎಳೆದಾಡಿ ಅಪ್‌ಲೋಡ್ ನಿಂತುಹೋಗುತ್ತದೆ. ಹಾರ್ಡ್‌ವೇರ್ ಸೀರಿಯಲ್‌ಗೆ 7 ಬಿಟ್, ಈವನ್, 1 ಎಂದು ಒಂದು ಮಾತು ಹೇಳಿದರೆ ಉಳಿದದ್ದನ್ನು ಚಿಪ್ ನೋಡಿಕೊಳ್ಳುತ್ತದೆ. ಪ್ಯಾರಿಟಿ ತಪ್ಪಿದ ಬೈಟ್‌ಗಳನ್ನು ಆರ್ಡುಯಿನೊ ಒಳಗೇ ಎಸೆದುಬಿಡುತ್ತದೆ, ನಮ್ಮ ಪ್ರೋಗ್ರಾಂವರೆಗೆ ಬರುವುದೇ ಇಲ್ಲ. ಮಿಣುಕು ನಿಂತಿತು, ಅಂಕಿಯೂ ಸರಿಯಾಯಿತು.

ಹುಡುಗರು ಮತ್ತೆ ಗಾಬರಿಯಾದರು, ಯಾಕೆಂದರೆ ಈಗ ಲ್ಯಾಪ್‌ಟಾಪ್‌ನ ಸೀರಿಯಲ್ ಮಾನಿಟರ್‌ನಲ್ಲಿ ಕಸ ಕಾಣತೊಡಗಿತು. ಮಾನಿಟರ್ ಓದುವುದು 8 ಬಿಟ್ ಪ್ರಕಾರ, ನ್ಯಾನೊ ಈಗ ಮಾತಾಡುವುದು 7 ಬಿಟ್ ಮತ್ತು ಪ್ಯಾರಿಟಿ. ಅದೇ ರೋಗ, ಈ ಸಲ ಮಾನಿಟರ್‌ಗೆ ಅಂಟಿತ್ತು. ಮಾನಿಟರ್ ಮುಚ್ಚಿ, ನೋಡಬೇಕಾದದ್ದನ್ನು ಫಲಕದ ಮೇಲೆಯೇ ನೋಡಿ ಎಂದೆ.

ಕಂಬದ ಮೇಲೆ ಏರಿಸಿದಾಗ

ಕ್ಯಾಬಿನ್ ಒಳಗೆ ನೆಟ್ಟಗಿದ್ದ ಫಲಕ ಕಂಬಕ್ಕೆ ಹೋದ ಮೇಲೆ ಮಂಕಾಯಿತು. 5 ವೋಲ್ಟ್‌ನ ಪವರ್ ಸಪ್ಲೈ ಕ್ಯಾಬಿನ್ ಒಳಗಿತ್ತು, ಅಲ್ಲಿಂದ ಸುಮಾರು 20 ಮೀಟರ್ ತಂತಿ. 1 ಚದರ ಮಿಲಿಮೀಟರ್‌ನ ತಾಮ್ರದ ತಂತಿ ಮೀಟರ್‌ಗೆ ಸುಮಾರು 17 ಮಿಲಿ ಓಮ್ ತಡೆಯುತ್ತದೆ. ಹೋಗುವ 20, ಬರುವ 20, ಒಟ್ಟು 40 ಮೀಟರ್‌ಗೆ 0.7 ಓಮ್ ಹತ್ತಿರ. ಪ್ಯಾನಲ್‌ಗಳು 2 ಆಂಪಿಯರ್ ಎಳೆದರೆ ದಾರಿಯಲ್ಲೇ 1.4 ವೋಲ್ಟ್ ಹೋಗುತ್ತದೆ, 5ರಲ್ಲಿ ಉಳಿಯುವುದು 3.6. ಹೆಚ್ಚು ದೀಪ ಹೊತ್ತುವ 88888 ಬಂದಾಗ ಇನ್ನೂ ಕಡಿಮೆ. ಪಿ10ಕ್ಕೆ ಇನ್ನೊಂದು ಮೋಸದ ಗುಣವಿದೆ: ಪವರ್ ತಂತಿ ಪೂರ್ತಿ ಕಿತ್ತಿದ್ದರೂ ಸಿಗ್ನಲ್ ತಂತಿಗಳಿಂದಲೇ ಕರೆಂಟ್ ಎಳೆದುಕೊಂಡು ಮಂಕಾಗಿ ಬೆಳಗುತ್ತಿರುತ್ತದೆ. ಬೆಳಕು ಇದೆ ಅಂದ ಮಾತ್ರಕ್ಕೆ ಪವರ್ ಇದೆ ಎಂದಲ್ಲ.

ದಪ್ಪ ತಂತಿ ಹಾಕುವ ವಿಚಾರ ಬಂತು. ನಾನು ಬೇಡ ಎಂದೆ. 230 ವೋಲ್ಟ್‌ನ್ನೇ ಕಂಬದವರೆಗೆ ಒಯ್ದು, 5 ವೋಲ್ಟ್ 10 ಆಂಪಿಯರ್‌ನ ಸಪ್ಲೈಯನ್ನು ಫಲಕದ ಪೆಟ್ಟಿಗೆಯೊಳಗೆ ಇಟ್ಟು, ನ್ಯಾನೊ ಮತ್ತು ಮ್ಯಾಕ್ಸ್3232 ಎರಡನ್ನೂ ಅದೇ ಪೆಟ್ಟಿಗೆಗೆ ಸ್ಥಳಾಂತರಿಸಿದೆವು. ನ್ಯಾನೊದಿಂದ ಪ್ಯಾನಲ್‌ಗೆ ಹೋಗುವ ರಿಬ್ಬನ್ ಕೇಬಲ್ ಗೇಣುದ್ದ ಇರಬೇಕು, ಅದನ್ನು ಹತ್ತಾರು ಮೀಟರ್ ಎಳೆಯುವಂತಿಲ್ಲ. ದೂರ ಓಡಬೇಕಾದದ್ದು ಆರ್‌ಎಸ್-232 ಸಾಲು. ಅದಕ್ಕೆ ಹಿಂದಿನವರು ಹೇಳುತ್ತಿದ್ದ ಮಿತಿ 15 ಮೀಟರ್, ಆದರೆ ನಿಜವಾದ ಮಿತಿ ಕೇಬಲ್‌ನ ಕೆಪಾಸಿಟೆನ್ಸ್ (ತಂತಿಗಳ ನಡುವೆ ಚಾರ್ಜ್ ಹಿಡಿದಿಡುವ ಗುಣ), 2500 ಪಿಕೋಫ್ಯಾರಡ್. ಕಡಿಮೆ ಕೆಪಾಸಿಟೆನ್ಸ್‌ನ ಶೀಲ್ಡ್ ಕೇಬಲ್‌ನಲ್ಲಿ, 2400ರ ನಿಧಾನದಲ್ಲಿ, 20 ಮೀಟರ್ ತೊಂದರೆ ಕೊಡುವುದಿಲ್ಲ. ಶೀಲ್ಡನ್ನು ಕ್ಯಾಬಿನ್ ಕಡೆ ಮಾತ್ರ ಭೂಮಿಗೆ ಕೂಡಿಸಿದೆವು. ಕರೆಂಟ್ ತಂತಿ ಒಂದು ಪೈಪಿನಲ್ಲಿ, ಸೀರಿಯಲ್ ಕೇಬಲ್ ಬೇರೆ ಪೈಪಿನಲ್ಲಿ. ಫಲಕದ ಮುಖ ಉತ್ತರಕ್ಕೆ ತಿರುಗಿಸಿದೆವು. ನುರಿಸುವ ಹಂಗಾಮಿನಲ್ಲಿ ಸೂರ್ಯ ದಕ್ಷಿಣದ ಕಡೆ ವಾಲಿರುವುದರಿಂದ ಬಿಸಿಲು ದೀಪಗಳ ಮೇಲೆ ನೇರ ಬೀಳುವುದಿಲ್ಲ.

ಗೊತ್ತಿಲ್ಲದಿದ್ದರೆ ಗೆರೆ

ನಾನು ಹೆಚ್ಚು ಹಟ ಹಿಡಿದದ್ದು ಇದಕ್ಕೆ. ಹುಡುಗರ ಪ್ರೋಗ್ರಾಂನಲ್ಲಿ ಹೊಸ ತೂಕ ಬಂದಾಗ ಮಾತ್ರ ಫಲಕ ಬದಲಾಗುತ್ತಿತ್ತು. ಕೇಬಲ್ ಕಿತ್ತು ನೋಡಿ ಎಂದೆ. ಕಿತ್ತರು. ಹಿಂದಿನ ಗಾಡಿಯ ತೂಕ ಹಾಗೆಯೇ ನಿಂತಿತು. ಮುಂದಿನ ಗಾಡಿ ಹತ್ತಿದರೂ ಅದೇ ಅಂಕಿ. ಇಲಿ ಕೇಬಲ್ ಕಡಿದ ದಿನ ಒಬ್ಬ ರೈತನಿಗೆ ಇನ್ನೊಬ್ಬನ ತೂಕ ಕಾಣುತ್ತದೆ.

ಈಗ ಪ್ರೋಗ್ರಾಂ ನಡೆಯುವುದು ಹೀಗೆ. ಶುರುವಿನ ಗುರುತು, ಚಿಹ್ನೆ, ಆರು ಅಂಕಿ, ಕೊನೆಯ ಗುರುತು, ಒಟ್ಟು 9 ಬೈಟ್ ಇದ್ದರೆ ಮಾತ್ರ ಆ ಸಂದೇಶ ಲೆಕ್ಕಕ್ಕೆ. ಪ್ಯಾರಿಟಿ ತಪ್ಪಿ ಒಂದು ಬೈಟ್ ಒಳಗೇ ಬಿದ್ದುಹೋಗಿದ್ದರೆ ಉದ್ದ ಕಡಿಮೆಯಾಗಿ ಇಡೀ ಸಂದೇಶ ಕಸಕ್ಕೆ. ನಡುವಿನ ಆರೂ 0ರಿಂದ 9ರೊಳಗಿನ ಅಂಕಿಯೇ ಆಗಿರಬೇಕು. ಸತತ ಎರಡು ಸಂದೇಶದಲ್ಲಿ ಒಂದೇ ತೂಕ ಬಂದರೆ ಮಾತ್ರ ಫಲಕಕ್ಕೆ. 2 ಸೆಕೆಂಡು ಹೀಗೆ ಹೊಂದುವ ಸಂದೇಶ ಬರದಿದ್ದರೆ ಅಂಕಿ ಅಳಿದು ಐದು ಅಡ್ಡ ಗೆರೆ. 9 ಬೈಟ್ ಬರಲು ಬೇಕಾಗುವುದು 37.5 ಮಿಲಿಸೆಕೆಂಡ್ ಮಾತ್ರ. ಎರಡು ಸಂದೇಶ ಕಾಯುವುದರಿಂದ ಆಗುವ ತಡ ಯಾರ ಕಣ್ಣಿಗೂ ಬೀಳುವುದಿಲ್ಲ.

ಗಾಡಿ ಕಾಟಾದ ಮೇಲೆ ಏರುತ್ತಿರುವಾಗ ತೂಕ ಓಡುತ್ತಿರುತ್ತದೆ, ಆಗ ಎರಡು ಸಂದೇಶ ಒಂದೇ ಆಗದೆ ಗೆರೆಗಳು ಕಾಣುತ್ತವೆ. ಮಾಲಕರಿಗೆ ಇದು ಮೊದಲು ಹಿಡಿಸಲಿಲ್ಲ. "ಗೆರಿ ಕಂಡ್ರ ಮಂದಿ ಮಷಿನ್ ಕೆಟ್ಟೈತಿ ಅಂತಾರ್ರಿ" ಅಂದರು. ಓಡುವ ಅಂಕಿಯ ನಡುವೆ ಒಂದನ್ನು ಹಿಡಿದು "ನಾ ನೋಡಿದಾಗ ಇಷ್ಟಿತ್ತು" ಎಂದು ಜಗಳಕ್ಕೆ ನಿಲ್ಲುವವನಿಗಿಂತ ಗೆರೆ ವಾಸಿ ಎಂದು ಹೇಳಿದೆ. ಜಗಳದ ಮಾತು ಅವರಿಗೆ ನಾಟಿತು. ಟನ್ ಲೆಕ್ಕದಲ್ಲಿ ತೋರಿಸಿ ಎಂದೂ ಕೇಳಿದ್ದರು, ರೈತರು ಮಾತಾಡುವುದು ಟನ್‌ನಲ್ಲೇ. ಚೀಟಿಯಲ್ಲಿ ಕಿಲೋ ಇರುವುದರಿಂದ ಹೊರಗೂ ಕಿಲೋ ಇರಲಿ, ಅಂಕಿಗೆ ಅಂಕಿ ಹೊಂದಿಸಿ ನೋಡಲಿ ಎಂದು ಹಾಗೆಯೇ ಬಿಟ್ಟೆವು.

ಇಂಡಿಕೇಟರ್‌ನ ಮುಚ್ಚಳ, ಅದರ ಸೀಸದ ಮುದ್ರೆ, ಕಾಟಾದ ಕೆಳಗೆ ತೂಕ ಅಳೆಯುವ ಲೋಡ್ ಸೆಲ್‌ಗಳು ಇವುಗಳ ಹತ್ತಿರ ಯಾರೂ ಹೋಗಲಿಲ್ಲ, ಹೋಗಲೂಬಾರದು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಮುದ್ರೆ ಹಾಕುವುದು ಇಲಾಖೆಯ ಕೆಲಸ, ಅದನ್ನು ಒಡೆದ ಯಂತ್ರದ ಮೇಲೆ ವ್ಯಾಪಾರ ಮಾಡುವಂತಿಲ್ಲ. ನಾವು ಮುಟ್ಟಿದ್ದು ಹೊರಗಿನ ಪೋರ್ಟ್‌ನ ಎರಡು ತಂತಿ, ಅದೂ ಕೇಳಲು ಮಾತ್ರ. ಫಲಕದ ಕೆಳಗೆ "ಚೀಟಿಯಲ್ಲಿರುವುದೇ ಅಧಿಕೃತ ತೂಕ" ಎಂದು ಬಣ್ಣದಲ್ಲಿ ಬರೆಸಿದ್ದಾರೆ.

ಹಂಗಾಮು ಮುಗಿದ ಮೇಲೆ ಕಂಬವನ್ನು ರಸ್ತೆಯ ಆಚೆ ಬದಿಗೆ ಒಯ್ಯುವ ವಿಚಾರ ಮಾಲಕರಿಗಿದೆ, ಸಾಲಿನಲ್ಲಿ ಹಿಂದೆ ನಿಂತವರಿಗೂ ತೂಕ ಕಾಣಲಿ ಎಂದು. ಅಷ್ಟು ದೂರಕ್ಕೆ, ಅದೂ ಬೇರೆ ಮೀಟರ್‌ನ ಕರೆಂಟ್ ಮೇಲೆ, ಆರ್‌ಎಸ್-232 ನನಗೆ ಒಪ್ಪಿಗೆಯಿಲ್ಲ. ಎರಡು ಕಡೆಯ ಗ್ರೌಂಡ್ ನಡುವೆ ವೋಲ್ಟೇಜ್ ಹುಟ್ಟಿದರೆ ಒಂದೇ ತಂತಿಯ ಮೇಲೆ ಓಡುವ ಸಿಗ್ನಲ್ ಅದರಲ್ಲಿ ಮುಳುಗುತ್ತದೆ. ಕ್ಯಾಬಿನ್ ಒಳಗೆ ಆರ್‌ಎಸ್-232ರಿಂದ ಆರ್‌ಎಸ್-485ಕ್ಕೆ (ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಓದುವ ಪದ್ಧತಿಗೆ) ಬದಲಿಸುವ, ಎರಡು ಕಡೆಯ ಗ್ರೌಂಡ್ ಬೇರ್ಪಡಿಸುವ ಐಸೊಲೇಟೆಡ್ ಕನ್ವರ್ಟರ್, ಹೆಣೆದ ಜೋಡಿ ತಂತಿ, ಆಚೆ ತುದಿಯಲ್ಲಿ 120 ಓಮ್ ರೆಸಿಸ್ಟರ್, ಮ್ಯಾಕ್ಸ್3232ರ ಜಾಗಕ್ಕೆ ಮ್ಯಾಕ್ಸ್485. ಅದರ ಎರಡೂ ನಿಯಂತ್ರಣ ಪಿನ್‌ಗಳನ್ನು ಗ್ರೌಂಡ್‌ಗೆ ಕಟ್ಟಿಬಿಟ್ಟರೆ ಅದು ಬರೀ ಕೇಳುತ್ತದೆ. ನ್ಯಾನೊದ ಪ್ರೋಗ್ರಾಂನಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಕಿಲ್ಲ: 2400, 7, ಈವನ್, 1.